ಕತ್ತಿಲ್ಲದ ನವಿಲು

"ನಾಯನಾ, ಇನ್ನ ನೇಯಬಹುದಾ?"

ಫೋನಿನಲ್ಲಿ ಹಾಗೆ ಮಗನನ್ನು ಕರೆದಂತೆ ಕರೆದು ಕೇಳಿದವರು ಯಾರೆಂದು ಓಬಳೇಶನಿಗೆ ಹೊಳೆಯಲಿಲ್ಲ. ಚಳ್ಳಕೆರೆಯ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಕೂತು ಅವನು ಒಂದು ಹೆಣದ ಗೊರಕೆಯನ್ನು ಅಳಿಸುತ್ತಿದ್ದ. ನಾಟಕದಲ್ಲಿ ಹೆಣವಾಗಿದ್ದ ಸಹಪಾಠಿ ಬ್ರಹ್ಮಗಿರಿಯ ಬಂಡೆಯ ನೆರಳಲ್ಲಿ ಮಲಗಿದವನು ನಿಜವಾಗಿಯೂ ನಿದ್ದೆ ಹೋಗಿಬಿಟ್ಟಿದ್ದ.

"ಯಾರ್ರೀ ಮಾತಾಡೋದು?"

"ನಾನು ಶಾರದಮ್ಮ, ಮೊಳಕಾಲ್ಮೂರಿಂದ. ಮಗ್ಗದ ಶಾರದಮ್ಮ. ನೀನು ಹೇಳೋವರ್ಗೂ ಒಂದೆಳೆನೂ ನೇಯಬ್ಯಾಡ ಅಂದಿದ್ಯಲ್ಲ, ಹಂಗೇ ಇಟ್ಟೀನಿ. ಸಾವ್ಕಾರ್ರು ದಿನಾ ಬಂದು ಬೈತಾ ಅವ್ರೆ, ಅದ್ಕೆ ಕೇಳಿದೆ. ನಿಂಗೆ ಇನ್ನೂ ಬೇಕಂದ್ರೆ ಇರ್ಲಿ ಬಿಡು."

ಮೌಸಿನ ಮೇಲಿದ್ದ ಓಬಳೇಶನ ಕೈ ಅಲ್ಲೇ ನಿಂತಿತು. ಹೆಣ ಇನ್ನೊಂದು ಸಲ ಗೊರಕೆ ಹೊಡೆಯಿತು.

ಅವನು ಹಾಗೆ ಹೇಳಿದ್ದು ನಿಜ. ಎರಡು ವಾರದ ಕೆಳಗೆ ಪತ್ರಿಕೋದ್ಯಮ ಓದುವ ಹುಡುಗರೆಲ್ಲ ಸೇರಿ 'ಬ್ರಹ್ಮಗಿರಿ ಪ್ರಕರಣ' ಎಂಬ ಕೊಲೆಯ ನಾಟಕವನ್ನು ಟೀವಿಗಾಗಿ ತೆಗೆಯಲು ಹೊರಟಿದ್ದರು. ಹಾಕಿಕೊಂಡ ಯೋಜನೆಯಲ್ಲಿ ಒಂದು ಪೊಲೀಸ್ ಜೀಪು, ಜೋರು ಮಳೆ ಮತ್ತು ವಾಸನೆ ಹಿಡಿಯುವ ಒಂದು ನಾಯಿ ಇದ್ದವು. ಜೀಪಿನ ಬದಲು ನನ್ನಿವಾಳದ ಗೆಳೆಯ ಈರೇಶನ ಗೂಡ್ಸ್ ಆಟೋ ಸಿಕ್ಕಿತು. ಮಳೆಯನ್ನು ಆ ಬರದ ಸೀಮೆಯಲ್ಲಿ ಕೇಳಲಿಕ್ಕೇ ಎಲ್ಲರಿಗೂ ನಾಚಿಕೆಯಾಯಿತು. ನಾಯಿ ಮಾತ್ರ ಕರೆಯದೆಯೇ ಬಂತು. ಬಂದದ್ದು ಎಲ್ಲ ದೃಶ್ಯಗಳಲ್ಲೂ ನಿಂತಿತು. ಹೆಣದ ಪಕ್ಕದಲ್ಲೂ ನಿಂತಿತು, ಇನ್ಸ್‌ಪೆಕ್ಟರ್ ಪಕ್ಕದಲ್ಲೂ ನಿಂತಿತು. ಯಾರ ಕಡೆಯದೆಂದು ಕೊನೆಯವರೆಗೂ ತಿಳಿಯಲಿಲ್ಲ.

ಕಥೆ ಓಬಳೇಶನದೇ. ಹೆಣದ ಮುಷ್ಟಿಯಲ್ಲಿ ಒಂದು ರೇಷ್ಮೆ ಎಳೆ ಸಿಗುತ್ತದೆ. ಇನ್ಸ್‌ಪೆಕ್ಟರ್ ಆ ಎಳೆ ಹಿಡಿದು ಮೊಳಕಾಲ್ಮೂರಿನ ಮಗ್ಗದ ಮನೆಗೆ ಬರುತ್ತಾನೆ. ನೇಯುವ ಹೆಂಗಸು ಎಳೆ ನೋಡಿ, ಲಾಳಿ ಕೆಳಗಿಟ್ಟು, ಕೊಂಡವನ ಹೆಸರು ಹೇಳುತ್ತಾಳೆ. ಆಮೇಲೆ ಕೊಲೆಗಾರ ಸಿಕ್ಕಿಬಿದ್ದು, ಅತ್ತು, ತಪ್ಪೊಪ್ಪಿಕೊಳ್ಳುತ್ತಾನೆ. ಮಗ್ಗದ ದೃಶ್ಯ ಅರ್ಧ ತೆಗೆಯುವಷ್ಟರಲ್ಲಿ ಹೊತ್ತು ಮುಳುಗಿತ್ತು. ಮಗ್ಗದ ಮೇಲಿದ್ದ ಸೀರೆಯ ಸೆರಗಿನಲ್ಲಿ ಒಂದು ನವಿಲು ಏಳುತ್ತಿತ್ತು. ಬಾಲ, ಮೈ ಮೂಡಿದ್ದವು, ಕತ್ತು ಇನ್ನೂ ಬಂದಿರಲಿಲ್ಲ. ಇವತ್ತು ಕತ್ತಿಲ್ಲದ ನವಿಲಿಗೆ ನಾಳೆ ಕತ್ತು ಬಂದರೆ ನೋಡುವವರು ನಗುತ್ತಾರೆಂದು ಓಬಳೇಶ ಗಂಭೀರವಾಗಿ ಹೇಳಿದ್ದ: "ಅಮ್ಮಾ, ನಾನು ಹೇಳೋವರ್ಗೂ ಒಂದೆಳೆನೂ ನೇಯಬ್ಯಾಡ್ರಿ. ಕಥೆ ಏನು ಅಂತ ಹೊರಗೆ ಯಾರ್ಗೂ ಬಿಡಬ್ಯಾಡ್ರಿ."

ಮರುದಿನ ಇನ್ಸ್‌ಪೆಕ್ಟರ್‌ನ ಸಮವಸ್ತ್ರವನ್ನು ಅದರ ಒಡೆಯರಾದ ನಾಟಕದ ಕಂಪನಿಯವರು ಬಂದು ಬಿಚ್ಚಿಸಿಕೊಂಡು ಹೋದರು. ಹೆಸರು ಹೇಳುವ ಮಾತು ಹೇಗೂ ಸಿಕ್ಕಿದೆ, ಇದ್ದಷ್ಟರಲ್ಲೇ ಆಯಿತು ಎಂದು ಎಲ್ಲರೂ ಚಳ್ಳಕೆರೆಗೆ ಮರಳಿದರು. ಶಾರದಮ್ಮನಿಗೆ ಹೇಳುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ.

"ಯಾರದು?" ಪಕ್ಕದ ಕುರ್ಚಿಯಿಂದ ಸ್ವಪ್ನ ಕೇಳಿದಳು. ಎಡಿಟಿಂಗ್ ಅವಳದು. ಕತ್ತರಿಸುವುದರಲ್ಲಿ ಅವಳಿಗೆ ಕರುಣೆ ಎಂಬುದಿರಲಿಲ್ಲ.

"ಮಗ್ಗದ ಅಮ್ಮ."

"ಅವರ ಸೀನು ಮೊನ್ನೆನೇ ತೆಗ್ದು ಹಾಕಿದ್ವಲ್ಲ."

ಅದೂ ನಿಜವೇ. ಲೋಕಲ್ ಕೇಬಲ್ಲಿನವರು ಭಾನುವಾರ ಸಂಜೆ ಕೊಡುವುದು ಇಪ್ಪತ್ತು ನಿಮಿಷ; ನಾಟಕ ಅರ್ಧ ಗಂಟೆ ದಾಟಿತ್ತು. ಕೊನೆಯಲ್ಲಿ ಕೊಲೆಗಾರನಾದ ಈರೇಶ ಅತ್ತು ಎಲ್ಲ ಒಪ್ಪಿಕೊಳ್ಳುತ್ತಾನೆ, ಮಧ್ಯದಲ್ಲಿ ಮಗ್ಗದ ಹೆಂಗಸು ಬೇರೆ ಯಾಕೆ ಹೇಳಬೇಕು ಎಂದು ಸ್ವಪ್ನ ಕೇಳಿದ್ದಳು. ಓಬಳೇಶ ಟೀ ಕುಡಿಯುತ್ತಲೇ ತಲೆಯಾಡಿಸಿದ್ದ.

"ಅಮ್ಮಾ, ನಾಳೆ ನಾನೇ ಬರ್ತೀನಿ," ಎಂದು ಫೋನಿಟ್ಟ.

ಮೊಳಕಾಲ್ಮೂರಿನ ಬಸ್ಸಿನಲ್ಲಿ ಅವನು ಕ್ಷಮೆ ಕೇಳುವ ಮಾತನ್ನು ಮನಸ್ಸಿನಲ್ಲೇ ಹಲವು ಸಲ ಎಡಿಟ್ ಮಾಡಿದ. ಊರು ಹತ್ತಿರವಾದಂತೆಲ್ಲ ಅದು ಚಿಕ್ಕದಾಗುತ್ತ ಹೋಯಿತು. ಶಾರದಮ್ಮನ ಮನೆ ಬಾಗಿಲಿಗೆ ಬಂದಾಗ "ಅಮ್ಮಾ" ಎಂಬುದೊಂದೇ ಉಳಿದಿತ್ತು.

ಒಳಗೆ ಮಗ್ಗದ ಮೇಲೆ ಹಳೆಯ ಪಂಚೆ ಹೊದಿಸಿತ್ತು. ಶಾರದಮ್ಮ ಅದನ್ನು ಮಲಗಿದ ಕೂಸಿನ ಹೊದಿಕೆ ಸರಿಸಿದಂತೆ ಸರಿಸಿದಳು. ನವಿಲು ಅಂದು ಎಲ್ಲಿತ್ತೋ ಅಲ್ಲೇ ಇತ್ತು. ಲಾಳಿ ಅಂದು ಇಟ್ಟ ಕಡೆಯೇ ಇತ್ತು. ಮಗ್ಗದ ಗೂಟಕ್ಕೆ ಅಂದು ಸಿಕ್ಕಿಸಿದ್ದ ಸೇವಂತಿಗೆಯೂ ತಾಜಾ ಇತ್ತು.

"ಹೂವು ಬಾಡಿದ್ರೆ ಬ್ಯಾರೆ ದಿನ ಅಂತ ಗೊತ್ತಾಗ್ತೈತೆ ಅಲ್ವಾ, ಅದ್ಕೆ ದಿನಾ ಅಂಥದ್ದೇ ಹುಡುಕಿ ಇಡ್ತಿದ್ದೆ," ಎಂದಳು. ಅವಳ ಬಲಗೈಗೆ ಅರಿಶಿನ ಹಚ್ಚಿದ ಬಟ್ಟೆಯ ಪಟ್ಟಿ ಇತ್ತು.

"ಕೈಗೇನಾತಮ್ಮ?"

"ಏನೂ ಇಲ್ಲ. ಕಥೆ ಯಾರ್ಗೂ ಹೇಳಬ್ಯಾಡ ಅಂತ ನೀನೇ ಅಂದಿದ್ದೆ. ಮತ್ತೆ ಸಾವ್ಕಾರ್ರಿಗೆ ಏನಂತ ಹೇಳ್ಲಿ? ಕೈ ಉಳುಕೈತೆ ಅಂದೆ. ಅವರ ಸ್ಕೂಟರ್ ಸದ್ದು ಕೇಳಿದ್ರೆ ನರಳ್ತೀನಿ."

ಓಬಳೇಶನ ಇಡೀ ನಾಟಕದಲ್ಲಿ ಇಷ್ಟು ಚೆನ್ನಾಗಿ ನಟಿಸಿದವರು ಯಾರೂ ಇರಲಿಲ್ಲ. ಅವನು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಸ್ಕೂಟರ್ ನಿಂತಿತು. ಶಾರದಮ್ಮ ತಪ್ಪದೆ ನರಳಿದಳು.

ಒಳಗೆ ಬಂದವರು ಮುರುಗೇಂದ್ರಪ್ಪ. ನೂಲು ಕೊಟ್ಟು ನೇಯಿಸಿಕೊಳ್ಳುವ ಸಾಹುಕಾರರು. ವಿಭೂತಿ ಇಟ್ಟ ಹಣೆ ಮಗ್ಗದ ಕಡೆ ತಿರುಗಿದ್ದೇ ಗಂಟಿಕ್ಕಿತು.

"ಇವತ್ತೂ ಹಂಗೇ ಐತೆ. ಮಂಗಳವಾರ ಚಳ್ಳಕೆರೇಲಿ ಧಾರೆ. ಮದುಮಗಳಿಗೆ ನಾನೇನು ಬರೀ ನೂಲು ಸುತ್ತಲಾ? ನೋಡು ಶಾರದಮ್ಮ, ಈ ಸೀರೆ ಹೆಂಗಾದ್ರೂ ಮುಗ್ಸು. ಮುಂದಿನ ಸೀರೆಗೆ ನೂಲಿನ ಹಾಸು ಬ್ಯಾರೆ ಮನೆಗೆ ಕೊಡ್ತೀನಿ. ನಿನ್ನ ಕೈ ನಂಬಿ ನನ್ನ ಮರ್ಯಾದೆ ಕಳ್ಕಳಾಕೆ ಆಗಲ್ಲ."

ಶಾರದಮ್ಮ ಓಬಳೇಶನ ಕಡೆ ನೋಡಿದಳು. ಹೇಳಬಹುದೇ ಎಂದು ಅಪ್ಪಣೆ ಕೇಳುವ ನೋಟ. ಈಗಲೂ ಕಥೆಯನ್ನು ಬಿಟ್ಟುಕೊಟ್ಟಿರಲಿಲ್ಲ. ಓಬಳೇಶನಿಗೆ ಅದನ್ನು ತಡೆಯಲಾಗಲಿಲ್ಲ.

"ಸಾವ್ಕಾರ್ರೇ, ಅವರ ಕೈ ಚೆನ್ನಾಗೈತ್ರಿ. ನೇಯಬ್ಯಾಡ ಅಂದೋನು ನಾನು. ಶೂಟಿಂಗ್ ಮುಗೀತು ಅಂತ ಹೇಳೋದು ಮರ್ತುಬಿಟ್ಟೆ. ತಪ್ಪು ನಂದು."

ಮುರುಗೇಂದ್ರಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದರು. ಏಟು ಬೀಳಬಹುದೆಂದು ಓಬಳೇಶ ಕಾದ. ಬಿದ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಶೂಟಿಂಗಾ? ಈ ಸೀರೆ ಟೀವೀಲಿ ಬರ್ತೈತಾ?"

"ಭಾನುವಾರ ಸಾಯಂಕಾಲ ಬರ್ತೈತ್ರಿ," ಶಾರದಮ್ಮ ಪಟ್ಟಿ ಬಿಚ್ಚುತ್ತ ಹೇಳಿದಳು. "ಕೊಲೆ ಮಾಡಿದೋನು ಯಾರು ಅಂತ ನಾನೇ ಹೇಳಾದು."

"ಮೊದ್ಲೇ ಹೇಳಬಾರ್ದೇನಮ್ಮ," ಎಂದು ಮುರುಗೇಂದ್ರಪ್ಪ ಬಗ್ಗಿ ನವಿಲನ್ನು ಹೊಸದಾಗಿ ನೋಡಿದರು. "ಮದುವೆ ಮನೆಯವ್ರಿಗೆಲ್ಲ ಹೇಳ್ತೀನಿ. ಟೀವೀಲಿ ಬಂದ ಸೀರೆ ಉಡೋ ಮದುಮಗಳು ಎಷ್ಟು ಮಂದಿ ಇರ್ತಾರೆ? ಸೋಮವಾರ ಬೆಳಿಗ್ಗೆ ಇಳ್ಸಿ ಕೊಡು. ಹಾಸಿನ ಮಾತು ಆಮ್ಯಾಲೆ ನೋಡನ. ಏನಪ್ಪ, ಬರೋದು ಖಾತ್ರಿ ತಾನೆ?"

"ಖಾತ್ರಿ ರೀ," ಎಂದ ಓಬಳೇಶ. ಒಂದು ತಪ್ಪು ಒಪ್ಪಿಕೊಳ್ಳಲು ಬಂದವನು ಇನ್ನೊಂದನ್ನು ಹೊತ್ತುಕೊಂಡು ಬಸ್ಸು ಹತ್ತಿದ.

ಕಂಪ್ಯೂಟರ್ ಕೋಣೆಯಲ್ಲಿ ಸ್ವಪ್ನ ಎಲ್ಲ ಕೇಳಿಸಿಕೊಂಡು ಪೆನ್ನು ಕಿವಿಗೆ ಸಿಕ್ಕಿಸಿದಳು. "ಮಗ್ಗದ ಸೀನು ನಾಕು ನಿಮಿಷ. ಹಾಕ್ಬೇಕಂದ್ರೆ ನಾಕು ನಿಮಿಷ ತೆಗೀಬೇಕು. ಅಷ್ಟೇ ಉದ್ದ ಇರೋದು ಒಂದೇ."

"ಯಾವ್ದು?"

"ಈರೇಶ ಅಳೋದು."

ಓಬಳೇಶ ಕುರ್ಚಿ ಎಳೆದುಕೊಂಡು ಕೂತ. ಸ್ವಪ್ನ ಬಿಡಲಿಲ್ಲ.

"ಅಮ್ಮ ಹೆಸರು ಹೇಳ್ತಾರಲ್ಲ, ಕಥೆ ಅಲ್ಲಿಗೆ ಮುಗೀತು. ಈರೇಶನ ಮುಖ ಯಾಕೆ ಬೇಕು?"

ಕಥೆಗೆ ಬೇಕಿರಲಿಲ್ಲ. ಆದರೆ ಕೊಲೆಗಾರ ಯಾರೆಂದು ಗುಟ್ಟಾಗಿಡಲು ಅದುವರೆಗೂ ಅವನ ಚಪ್ಪಲಿಯನ್ನಷ್ಟೇ ತೋರಿಸಿದ್ದರು. ಆ ದೃಶ್ಯ ತೆಗೆದರೆ ನಾಟಕದಲ್ಲಿ ಈರೇಶನದು ಅಂತ ಉಳಿಯುವುದು ಎರಡು ಚಪ್ಪಲಿ. ಬಾಡಿಗೆ ಕಳೆದುಕೊಂಡು ದಿನವೆಲ್ಲ ಎಲ್ಲರನ್ನೂ ಆಟೋದಲ್ಲಿ ಹೊತ್ತು ತಿರುಗಿದವನು ಅವನು. ಅಳುವುದನ್ನು ಕುರಿಗಳ ಮುಂದೆ ನಿಂತು ಕಲಿತಿದ್ದ. ಕುರಿಗಳು ಮೇವು ಬಿಟ್ಟು ನೋಡುತ್ತಿದ್ದವಂತೆ.

ಸ್ವಪ್ನ ಕಾದಳು. ಓಬಳೇಶ ತಾನೇ ಮೌಸು ಹಿಡಿದು ಆ ತುಂಡನ್ನು ತೆಗೆದ. ಈ ಸಲ ಕೈಯಲ್ಲಿ ಟೀ ಇರಲಿಲ್ಲ.

ಶನಿವಾರ ಈರೇಶನಿಗೆ ಹೇಳಿಬಿಡಬೇಕೆಂದು ಆಟೋ ಸ್ಟ್ಯಾಂಡಿಗೆ ಹೋದ. ಈರೇಶ ದೂರದಿಂದಲೇ ಕೂಗಿದ.

"ಲೇ ಓಬ, ನಾನು ಅಳೋದು ಎಷ್ಟೊತ್ತಿಗೆ ಬರ್ತೈತಲೇ? ನಮ್ಮವ್ವ ಹಟ್ಟಿ ಮಂದಿಗೆಲ್ಲ ಹೇಳ್ಯಾಳೆ. ಅಷ್ಟ್ರಾಗೆ ಕುರಿ ಕೂಡಾಕ್ಬೇಕು."

"ಕೊನೆಗೆ."

"ಕೊನೆಗೇ ಇರ್ಬೇಕು ಬಿಡು. ಮಂದಿ ಎದ್ದು ಹೋಗಬಾರ್ದು. ಯಾಕ್ಲೇ, ಮುಖ ಹಿಂಗೈತೆ?"

"ನಿದ್ದೆ ಇಲ್ಲ. ಎಡಿಟಿಂಗು."

"ಪಾಪ," ಎಂದು ಈರೇಶ ಅವನನ್ನು ಪುಕ್ಕಟೆ ಬಸ್ ಸ್ಟ್ಯಾಂಡಿನವರೆಗೆ ಬಿಟ್ಟುಬಂದ.

ಭಾನುವಾರ ನನ್ನಿವಾಳಕ್ಕೆ, ಈರೇಶನ ಮನೆಗೆ ಹೋಗುವ ಧೈರ್ಯ ಓಬಳೇಶನಿಗೆ ಬರಲಿಲ್ಲ. ಶಾರದಮ್ಮ ಕರೆದಿದ್ದಾಳೆ ಎಂದು ಮನೆಯಲ್ಲಿ ಹೇಳಿ ಮೊಳಕಾಲ್ಮೂರಿಗೆ ಹೋದ. ಅಲ್ಲಿ ಮಗ್ಗದ ಕೋಣೆಯ ಟೀವಿ ಮುಂದೆ ಅಕ್ಕಪಕ್ಕದವರು ಕಿಕ್ಕಿರಿದಿದ್ದರು. ಮುರುಗೇಂದ್ರಪ್ಪನವರಿಗೆ ಕುರ್ಚಿ ಹಾಕಿತ್ತು. ಶಾರದಮ್ಮ ಮಾತ್ರ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ನೇಯುತ್ತಲೇ ಇದ್ದಳು. ಬೆಳಿಗ್ಗೆ ಸೀರೆ ಇಳಿಸಬೇಕು. ಇನ್ನೂ ಗೇಣಿಗಿಂತ ಹೆಚ್ಚು ಉಳಿದಿತ್ತು. ಅವಳ ಕಣ್ಣುಗಳು ಉರಿದು ಕೆಂಪಾಗಿದ್ದವು.

"ಸ್ವಲ್ಪ ನಿಲ್ಸಿ ನೋಡಮ್ಮ," ಎಂದರು ಯಾರೋ.

"ಕೈಗೂ ಕಣ್ಣಿಗೂ ಏನು ಸಂಬಂಧ? ನೋಡ್ತಾ ಐದೀನಿ."

ಟೀವಿಯಲ್ಲಿ ಹೆಣ ಬಿತ್ತು, ನಾಯಿ ಬಂತು, ಇನ್ಸ್‌ಪೆಕ್ಟರ್ ಮಗ್ಗದ ಮನೆಯ ಬಾಗಿಲು ತಟ್ಟಿದ. ತೆರೆಯ ಮೇಲಿನ ಶಾರದಮ್ಮ ಲಾಳಿ ಕೆಳಗಿಟ್ಟು ಕೈಕಟ್ಟಿ ಕೂತಳು.

"ಅವ್ವಯ್ಯ, ಎಂಥ ಸೋಮಾರಿಯಂಗೆ ಕಾಣ್ತೀನಿ," ಎಂದು ಗುಂಡಿಯೊಳಗಿನ ಶಾರದಮ್ಮ ನಕ್ಕಳು. ಅವಳ ಮಗ್ಗದ ಸದ್ದಿಗೆ ಟೀವಿಯ ಶಾರದಮ್ಮ ಹೇಳಿದ ಕೊಲೆಗಾರನ ಹೆಸರು ಯಾರಿಗೂ ಕೇಳಿಸಲಿಲ್ಲ. ಯಾರೂ ಕೇಳಲೂ ಇಲ್ಲ, ಸೀರೆ ಕಂಡಿತ್ತು. ಮುರುಗೇಂದ್ರಪ್ಪ ಫೋನಿನಲ್ಲಿ ಯಾರಿಗೋ "ಕಂಡ್ತಾ? ಅದೇ ಕಣ್ರಿ," ಎನ್ನುತ್ತಿದ್ದರು.

ಹಾದಿಯ ಧೂಳಿನಲ್ಲಿ ನಡೆದು ಹೋಗುವ ಎರಡು ಚಪ್ಪಲಿಗಳ ಮೇಲೆ ಪಾತ್ರಧಾರಿಗಳ ಹೆಸರು ಬಂದು, ನಾಟಕ ಮುಗಿಯಿತು.

ಓಬಳೇಶನ ಜೇಬಿನಲ್ಲಿ ಫೋನು ಅದುರಿತು. ತೆಗೆದು ಈರೇಶನ ಹೆಸರು ನೋಡಿ, ಚಾಪೆಯಾಚೆ ನೆಲದ ಮೇಲೆ ಮಗುಚಿ ಇಟ್ಟ. ಅದು ನಿಂತು, ಮತ್ತೆ ಅದುರಿತು. ಮಗ್ಗದ ಏಟಿಗೆ ನೆಲವೂ ಅದುರುತ್ತಿತ್ತು. ಫೋನು ಸ್ವಲ್ಪ ಸ್ವಲ್ಪವೇ ಜರುಗುತ್ತ ಗುಂಡಿಯ ಅಂಚಿನ ಕಡೆಗೆ ಹೊರಟಿತು.