ಚಿಕ್ಕವಳ ಸರದಿ

ನಮ್ಮ ಮನೆಯಲ್ಲಿ ಸಂಜೆಯ ಪ್ರಾರ್ಥನೆ ಮುಗಿಯದೆ ಊಟಕ್ಕೆ ತಟ್ಟೆ ಹಾಕುವಂತಿಲ್ಲ. ಇದು ನನ್ನ ಅತ್ತೆಯ ಕಾನೂನು. ದೊಡ್ಡವರಿಂದ ಶುರುವಾಗಿ ಒಬ್ಬೊಬ್ಬರೂ ತಮ್ಮ ಮಾತು ಹೇಳಬೇಕು. ಕೊನೆಯ ಮಾತು ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರದು, ಅವರು ಆಮೆನ್ ಅಂದ ಮೇಲೆಯೇ ಊಟ. ಮದುವೆಯಾಗಿ ಬಂದ ಹೊಸದರಲ್ಲಿ ಆ ಸರದಿ ನನ್ನದಾಗಿತ್ತು. ಅತ್ತೆಯ ಪ್ರಾರ್ಥನೆಯಲ್ಲಿ ಇದ್ದವರು, ಸತ್ತವರು, ಜಗಳವಾಡಿ ಮಾತುಬಿಟ್ಟವರು ಎಲ್ಲರೂ ಬಂದು ಹೋಗುವಷ್ಟರಲ್ಲಿ ನನ್ನ ಹೊಟ್ಟೆ ತಾಳ ಹಾಕುತ್ತಿತ್ತು. ಆಮೇಲೆ ಮಗಳು ಹುಟ್ಟಿ, ಮಾತು ಕಲಿತು, ಸರದಿ ಅವಳ ಪಾಲಾಯಿತು.

ದುಂಡಗೆ, ಪುಟ್ಟದಾಗಿ ಇದ್ದದ್ದಕ್ಕೆ ಅವಳನ್ನು ಬಟಾಣಿ ಅನ್ನುತ್ತಿದ್ದೆವು. ಅವಳದು ದಿನಾ ಒಂದೇ ಪ್ರಾರ್ಥನೆ. "ದೇವರೇ, ಅಪ್ಪನ್ನ ಕಂಬದಿಂದ ಜೋಪಾನವಾಗಿ ಇಳಿಸು. ಅಜ್ಜಿ ಹಲ್ಲಿನ ಸೆಟ್ಟು ಸಿಗಲಿ. ಊಟ ಆರ್ತಾ ಇದೆ, ಆಮೆನ್."

ನನ್ನ ಗಂಡ ವಿದ್ಯುತ್ ಇಲಾಖೆಯ ಲೈನ್‌ಮನ್. ತಂತಿ ಕಡಿದರೆ, ಫ್ಯೂಸ್ ಹೋದರೆ ಕಂಬ ಹತ್ತುವವರು. ಬೆಳಿಗ್ಗೆ ಹೊರಡುವ ಮೊದಲು, ಬೀಳದಂತೆ ಕಂಬಕ್ಕೆ ಬಿಗಿದುಕೊಳ್ಳುವ ಸೊಂಟದ ಬೆಲ್ಟಿನ ಕೊಂಡಿಯನ್ನು ಮಗಳ ಮುಂದೆ ಹಿಡಿಯಬೇಕಿತ್ತು. ಅವಳು ಎರಡೂ ಕೈಯಲ್ಲಿ ಜಗ್ಗಿ ನೋಡಿ "ಗಟ್ಟಿ ಇದೆ, ಹೋಗಬಹುದು" ಅನ್ನುವಳು. ಇಲಾಖೆಯ ಇಂಜಿನಿಯರಿಗೂ ಅಷ್ಟು ಗತ್ತಿರಲಿಲ್ಲ.

ಒಂದು ಭಾನುವಾರ ಚರ್ಚಿನಿಂದ ಬರುವಾಗ ಮೈ ಬಿಸಿ ಅಂದಳು. ಜ್ವರ ಮೆದುಳಿಗೆ ಏರಿತು. ಮುಂದಿನ ಭಾನುವಾರದೊಳಗೆ ಅದೇ ಚರ್ಚಿನ ಹಿಂದೆ ಅವಳನ್ನು ಮಣ್ಣಿಗೆ ಕೊಟ್ಟು ಬಂದೆವು. ಬಂದವರೆಲ್ಲ ದೇವರ ಚಿತ್ತ ಅಂದರು. ಹಾಗೆ ಅಂದವರ ಮಕ್ಕಳು ಅವರ ಕೈ ಹಿಡಿದುಕೊಂಡೇ ನಿಂತಿದ್ದರು. ಪಾದ್ರಿಗಳೊಬ್ಬರು ಮಾತ್ರ ಏನೂ ಹೇಳದೆ ಒಂದಷ್ಟು ಹೊತ್ತು ಕುರ್ಚಿಯಲ್ಲಿ ಕೂತು ಎದ್ದು ಹೋದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಅತ್ತೆಗೆ ಈಚೆಗೆ ಮರೆವು. ಹೂಳುವಾಗ ಎಲ್ಲರಿಗಿಂತ ಮುಂದೆ ನಿಂತು ಅತ್ತವರು, ಸಂಜೆ ಕೈಜೋಡಿಸಿ ಕೂತು "ಚಿಕ್ಕದು ಎಲ್ಲಿ? ಅದರ ಸರದಿ" ಅಂದರು. "ಮಲಗಿದೆ ಅತ್ತೆ" ಅಂದೆ. ಮರುದಿನವೂ ಅದನ್ನೇ ಅಂದೆ. ಆಮೇಲೆ ದಿನಾ ಅದೇ ಪ್ರಶ್ನೆ, ಅದೇ ಸುಳ್ಳು. ಕೊನೆಯ ಆಮೆನ್ ಕೇಳದೆ ಅತ್ತೆ ಜಾಗ ಬಿಟ್ಟು ಏಳರು; ಕಾದು ಕಾದು ತೂಕಡಿಸಿದ ಮೇಲೆ ಅಲ್ಲಿಗೇ ತಟ್ಟೆ ತಂದುಕೊಡುತ್ತಿದ್ದೆ. ಗಂಡ ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ ಚಪ್ಪಲಿ ಮೆಟ್ಟಿ ಹೊರಗೆ ಹೋಗುವುದನ್ನು ರೂಢಿ ಮಾಡಿಕೊಂಡರು. ನಾನು ಕೂರುತ್ತಿದ್ದೆ, ಬಾಯಿ ಬಿಡುತ್ತಿರಲಿಲ್ಲ. ಕೇಳುವುದಕ್ಕೆ ನನಗೆ ಏನೂ ಉಳಿದಿರಲಿಲ್ಲ.

ಒಂದು ಮಧ್ಯಾಹ್ನ ಇಲಾಖೆಯ ವ್ಯಾನ್ ಡ್ರೈವರ್ ಮನೆಗೆ ಬಂದರು. ನನ್ನ ಗಂಡನ ಜೊತೆ ವರ್ಷಗಟ್ಟಲೆ ತಿರುಗಿದವರು, ಕೂತರೆ ಏಳಲು ಬಿಡದ ಹರಟೆಮಲ್ಲ. ಅವತ್ತು ಗಂಡನ ಬೆಲ್ಟನ್ನು ಮೇಜಿನ ಮೇಲಿಟ್ಟು, ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಇದ್ಯಾಕೆ ನಿಮ್ಮ ಕೈಲಿದೆ?" ಅಂದೆ.

"ವ್ಯಾನಿನ ಸೀಟಿನ ಕೆಳಗಿತ್ತಮ್ಮ. ಇದನ್ನ ಬಿಟ್ಟೇ ಕಂಬ ಹತ್ತುತ್ತಾರೆ. ಕೇಳಿದ್ರೆ ಮರೆತೆ ಅಂತಾರೆ. ದಿನಾ ಮರೆಯೋಕೆ ಇದೇನು ಛತ್ರಿನಾ? ನನಗಂತೂ ಮೇಲೆ ನೋಡೋಕೆ ಧೈರ್ಯ ಸಾಲದೆ ತಲೆ ತಗ್ಗಿಸ್ಕೊಂಡು ಕೂತಿರ್ತೀನಿ."

ಒಬ್ಬಳನ್ನು ಹೂತು ಬಂದವಳು ನಾನು, ಇನ್ನೊಬ್ಬರನ್ನು ಹೂಳಲು ನನ್ನಿಂದಾಗದು. ಆದರೂ ಅಳುವಿಗಿಂತ ಮೊದಲು ಬಂದದ್ದು ಸಿಟ್ಟು.

ಸಂಜೆ ಗಂಡ ಒಳಗೆ ಕಾಲಿಟ್ಟದ್ದೇ ಬಾಗಿಲಿಗೆ ಬೀಗ ಜಡಿದು ಕೀಲಿಕೈಯನ್ನು ಮುಷ್ಟಿಯಲ್ಲಿಟ್ಟುಕೊಂಡೆ. ಬೆಲ್ಟನ್ನು ಅವರ ಮುಖದ ಮುಂದೆ ಹಿಡಿದೆ.

"ಸಾಯ್ಬೇಕು ಅಂತಿದೀರಾ?"

"ಹಾಗೇನಿಲ್ಲ."

"ಮತ್ತೇನು?"

ಅವರು ಗೋಡೆ ನೋಡುತ್ತಾ ಮಾತಾಡಿದರು. "ದಿನಾ ಅವಳು ನನಗೋಸ್ಕರ ಕೇಳಿದ್ಲು. ದಿನಾ ನಾನು ಜೋಪಾನವಾಗೇ ಇಳಿದೆ. ನಾನೇನು ಕೇಳ್ತಿದ್ದೆ ಹೇಳು? ವರ್ಗಾವಣೆ ಆಗದೇ ಇರ್ಲಿ ಅಂತ. ಅದೂ ನಡೀತು. ಅವಳಿಗೋಸ್ಕರ ಈ ಮನೇಲಿ ಯಾರಾದ್ರೂ ಒಂದು ಮಾತು ಕೇಳಿದ್ವಾ? ಕೊಂಡಿ ಹಾಕೋಕೆ ಹೋದ್ರೆ ಕೈ ಬರಲ್ಲ ಕಣೆ."

ನಾನು ಕೇಳುತ್ತಿದ್ದದ್ದು ಹೊಸ ಹೊಲಿಗೆ ಯಂತ್ರ.

"ಕೂತ್ಕೊಳ್ಳಿ," ಅಂದೆ. "ಇವತ್ತು ಕೊನೇ ಆಮೆನ್ ಆಗೋವರೆಗೂ ಬೀಗ ತೆಗೆಯಲ್ಲ."

ಅತ್ತೆ ಶುರು ಮಾಡಿ ಇಡೀ ಬಂಧುಬಳಗವನ್ನು ಸುತ್ತಿ ಬಂದರು. ಗಂಡನ ಸರದಿ ಬಂತು, ಅವರು ಮಾತಾಡಲಿಲ್ಲ. ನನ್ನ ಸರದಿಯೂ ಹಾಗೇ ದಾಟಿತು. ಅತ್ತೆ ಒಂದು ಕಣ್ಣು ತೆರೆದರು.

"ಚಿಕ್ಕದು ಎಲ್ಲಿ?"

ಮಲಗಿದೆ ಅನ್ನಲು ಬಾಯಿ ತೆರೆದೆ. ಆಗಲಿಲ್ಲ. "ಸತ್ತುಹೋದ್ಲು ಅತ್ತೆ. ಜ್ವರ ಬಂದು ಸತ್ತುಹೋದ್ಲು."

ಅತ್ತೆಗೆ ಅದು ಆಗ ತಾನೇ ಬಂದ ಸುದ್ದಿ. ಎದೆ ಹಿಡಿದುಕೊಂಡು ಅವರು ಅತ್ತದ್ದು ನೋಡಿ ನನ್ನ ನಾಲಿಗೆಯನ್ನು ಕಿತ್ತು ಬಿಸಾಡಬೇಕು ಅನ್ನಿಸಿತು. ಗಂಡ ಎದ್ದು ಬಂದು ಅವರನ್ನು ತಬ್ಬಿ ಕೂತರು. ಬಹಳ ಹೊತ್ತಿನ ಮೇಲೆ ಅತ್ತೆ ಮೂಗು ಒರೆಸಿಕೊಂಡು ಮಗನ ಮುಖ ನೋಡಿದರು.

"ಹಾಗಾದ್ರೆ ಅವಳ ಮಾತು ಯಾರಪ್ಪಾ ಹೇಳೋದು?"

ಗೋಡೆಯ ಮೇಲಿನ ಶಿಲುಬೆ ಎಂದಿನಂತೆ ಸುಮ್ಮನಿತ್ತು. ಆಮೇಲೆ ನನ್ನ ಗಂಡ ತಲೆ ತಗ್ಗಿಸಿ ಹೇಳತೊಡಗಿದರು.

"ದೇವರೇ, ಅಪ್ಪನ್ನ..." ಅಲ್ಲಿಗೇ ನಿಂತಿತು. ಮತ್ತೆ ಮೊದಲಿಂದ ಹಿಡಿದರು. "ದೇವರೇ, ಅಪ್ಪನ್ನ ಕಂಬದಿಂದ ಜೋಪಾನವಾಗಿ ಇಳಿಸು. ಅಜ್ಜಿ ಹಲ್ಲಿನ ಸೆಟ್ಟು ಸಿಗಲಿ. ಊಟ ಆರ್ತಾ ಇದೆ, ಆಮೆನ್."

"ಆಮೆನ್," ಅಂದರು ಅತ್ತೆ. ಹಲ್ಲಿನ ಸೆಟ್ಟು ಬಾಯಲ್ಲೇ ಇತ್ತು. ಊಟ ಮಾತ್ರ ನಿಜವಾಗಿಯೂ ಆರಿಹೋಗಿತ್ತು. ಮೂವರೂ ಅದನ್ನು ಹಾಗೇ ತಿಂದೆವು.

ಅವತ್ತು ನನಗೆ ನಂಬಿಕೆ ಮರಳಿತು ಅಂದರೆ ಸುಳ್ಳಾಗುತ್ತದೆ. ದೇವರ ಮೇಲಿನ ನನ್ನ ಮುನಿಸು ಒಂದು ಕೂದಲಿನಷ್ಟೂ ಕಡಿಮೆಯಾಗಿಲ್ಲ. ಅತ್ತೆ ಬೆಳಗಾಗುವಷ್ಟರಲ್ಲಿ ಎಲ್ಲ ಮರೆತಿದ್ದರು, ಮೊಮ್ಮಗಳಿಗೆ ಹಾಲು ಕೊಟ್ಟೆಯಾ ಅಂತ ಕೇಳಿದರು.

ಗಂಡ ಬೆಲ್ಟ್ ಕಟ್ಟಿಕೊಂಡು ಬಾಗಿಲಲ್ಲಿ ನಿಂತರು. ಅಭ್ಯಾಸಬಲದಿಂದ ಅವರ ಕೈ ತಾನಾಗಿಯೇ ಕೊಂಡಿಯನ್ನು ಕೆಳಕ್ಕೆ, ಅವಳ ಎತ್ತರಕ್ಕೆ ಹಿಡಿಯಿತು. ಅಲ್ಲಿ ಯಾರೂ ಇರಲಿಲ್ಲ. ಹೊರಗೆ ಡ್ರೈವರ್ ಹಾರ್ನ್ ಹೊಡೆದರು. ಕೈ ಅಲ್ಲೇ ನಿಂತಿತ್ತು, ಮೇಲೆ ಬರಲಿಲ್ಲ.

ನಾನು ಹೋಗಿ ಅವರ ಮುಂದೆ ನೆಲಕ್ಕೆ ಮೊಣಕಾಲೂರಿದೆ. ಮಗಳು ಹೋದ ಮೇಲೆ ನಾನು ಮೊಣಕಾಲೂರಿದ್ದು ಅದೇ ಮೊದಲು. ಎರಡೂ ಕೈಯಲ್ಲಿ ಕೊಂಡಿ ಹಿಡಿದು, ಅವರು ಒಂದು ಹೆಜ್ಜೆ ಮುಂದೆ ಬರುವಷ್ಟು ಜೋರಾಗಿ ಜಗ್ಗಿದೆ.

"ಗಟ್ಟಿ ಇದೆ," ಅಂದೆ. ಹೋಗಬಹುದು ಅನ್ನುವುದು ಬಾಯಿಗೆ ಬರಲಿಲ್ಲ. "ಸಂಜೆ ಬನ್ನಿ. ಅವಳ ಸರದಿ ಇದೆ."