ಅರ್ಧ ರೆಕ್ಕೆ

ಸುಟ್ಟ ಹರಳೆಣ್ಣೆ, ಸೀಮೆಎಣ್ಣೆ, ಅವುಗಳ ಬೆನ್ನಿಗೇ ಆಸ್ಪತ್ರೆಯ ಈಥರಿನ ತಣ್ಣನೆಯ ಘಾಟು. ಅಣ್ಣನಿಗೆ ಉಡಿಸಲು ಬಿಳಿ ಪಂಚೆ ಹುಡುಕುತ್ತ ಕಪಾಟಿನ ಬಾಗಿಲೆಳೆದ ಸರ್ವಮಂಗಳ ಹಾಗೇ ನಿಂತುಬಿಟ್ಟಳು. ಹದಿಮೂರರ ವಯಸ್ಸಿನಲ್ಲಿ ಅಂಗೈಗೆ, ಲಂಗಕ್ಕೆ, ಜಡೆಗೆಲ್ಲ ಅಂಟಿಕೊಂಡು ಮೂರು ದಿನ ಬಿಡದಿದ್ದ ವಾಸನೆ ಅದು. ಮಡಿಸಿಟ್ಟ ಪಂಚೆಯ ಪಕ್ಕದಲ್ಲಿ, ಎಣ್ಣೆಬಟ್ಟೆಯಲ್ಲಿ ಸುತ್ತಿದ ನಿಂಬೆಹಣ್ಣಿನ ಗಾತ್ರದ, ಆಟದ ವಿಮಾನದ ಎಂಜಿನ್ ಇತ್ತು. ಕೈಬೆರಳಿಂದ ಅದರ ಪಂಖವನ್ನು ತಿರುಗಿಸಿದಳು. ಐವತ್ತೆರಡು ವರ್ಷಗಳ ಮೇಲೂ ಅದು ಸಲೀಸಾಗಿ ತಿರುಗಿತು.

"ದೊಡ್ಡಮ್ಮಾರೆ, ಪಂಚೆ ಸಿಕ್ತಾ? ಅಯ್ಯನೋರು ಬಂದ್ರು," ಎಂದು ಮನೆಯ ಮಾಲೀಕ ಮಲ್ಲೇಶ್ ಹೊರಗಿನಿಂದ ಕೂಗಿದ.

ನಡುಮನೆಯಲ್ಲಿ ಅಣ್ಣನನ್ನು, ಪಂಚಾಕ್ಷರಪ್ಪ ಮೇಷ್ಟ್ರನ್ನು, ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ. ಹೊಸದುರ್ಗದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಕಲಿಸಿದವರು, ಮದುವೆಯಾಗಲಿಲ್ಲ. ನಿನ್ನೆ ಮಧ್ಯಾಹ್ನ ಊಟದ ಡಬ್ಬಿ ತಂದ ಜುಂಜಮ್ಮ, ಕುರ್ಚಿಯಲ್ಲಿ ಕುಳಿತಿದ್ದವರನ್ನು ಎರಡು ಸಲ ಕರೆದು, ಮೂರನೆಯ ಸಲಕ್ಕೆ ಹತ್ತಿರ ಹೋಗಿ ನೋಡಿದ್ದಳು. ಸುದ್ದಿ ತಿಳಿದು ಸರ್ವಮಂಗಳ ಹೊಳಲ್ಕೆರೆಯಿಂದ ಬೆಳಗಿನ ಮೊದಲ ಬಸ್ಸಿಗೇ ಬಂದಿದ್ದಳು. ಬರುವಾಗ ಹೊಲಿಗೆ ಟ್ರಂಕಿನ ತಳದಿಂದ ನಾಲ್ಕು ತುಂಡು ಕಾಗದ ತೆಗೆದು, ಸೆರಗಿನೊಳಗಿನ ಕೈಚೀಲದಲ್ಲಿ ಇಟ್ಟುಕೊಂಡಿದ್ದಳು. ಅಣ್ಣನ ಜೊತೆಗೆ ಅವನ್ನೂ ಮಣ್ಣು ಮಾಡಿಬಿಡಬೇಕು ಎಂಬುದು ದಾರಿಯುದ್ದಕ್ಕೂ ಅವಳ ಮನಸ್ಸಿನಲ್ಲಿದ್ದ ಒಂದೇ ಮಾತು.

ಬಂದವರು ಹದಿನೈದು ಜನರಿದ್ದರೆ ಹೆಚ್ಚು. ಜಗಲಿಯಲ್ಲಿ ಜೊತೆಯ ಮೇಷ್ಟ್ರಾಗಿದ್ದ ಚಿಕ್ಕತಿಮ್ಮಪ್ಪ ಪಕ್ಕದವರಿಗೆ ಹೇಳುತ್ತಿದ್ದರು. ಇವನಿಗೆ ತನ್ನಷ್ಟಕ್ಕೆ ಹಾರಾಡೋ ಆಟದ ವಿಮಾನ ಆಗುತ್ತಿರಲಿಲ್ಲವಂತೆ. ಎರಡು ತಂತಿ ಕಟ್ಟಿ, ತಾನು ನಡುವೆ ನಿಂತು, ಸುತ್ತ ತಿರುಗಿಸೋ ವಿಮಾನವೇ ಆಗಬೇಕಿತ್ತಂತೆ.

"ಯಾಕಲೇ ಅಂದ್ರೆ, ಬಿಟ್ರೆ ಹೋಗ್ಬಿಡ್ತೈತಲ್ಲೋ ಅಂತಿದ್ದ," ಎಂದು ನಕ್ಕವರು ಹಾಗೇ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು.

ಅಂಗಳದಲ್ಲಿ ಕಟ್ಟುತ್ತಿದ್ದ ಬಿದಿರಿನ ಪಲ್ಲಕ್ಕಿಗೆ ಬಣ್ಣದ ಕಾಗದ ಸಾಲದೆ ಹೋಯಿತು. ಮಲ್ಲೇಶ್ ಮೇಷ್ಟ್ರ ಕೋಣೆಗೆ ನುಗ್ಗಿ, "ಇಲ್ಲಿ ಗಾಡಿಗಟ್ಲೆ ಕಾಗದ ಅವೆ. ಒಂದೆರಡು ಹಚ್ಚಾಣ," ಎಂದು ಸುರುಳಿಯೊಂದನ್ನು ಎಳೆದ. ಜೆರಾಕ್ಸ್ ಅಂಗಡಿಯ ಚೇತನ್‌ಕುಮಾರ್ ಬಾಗಿಲಿಗೆ ಅಡ್ಡ ನಿಂತ. ನಲವತ್ತು ದಾಟಿದ ಮನುಷ್ಯ, ಮಾತು ಕಡಿಮೆ.

"ಅವನ್ನ ಮುಟ್ಟಬ್ಯಾಡ್ರಿ."

ಸರ್ವಮಂಗಳ ಬ್ಯಾಗಿನಿಂದ ತನ್ನ ಇನ್ನೊಂದು ಸೀರೆ ತೆಗೆದುಕೊಟ್ಟಳು. ಪಲ್ಲಕ್ಕಿಯ ಬೆನ್ನಿಗೆ ಅದನ್ನೇ ಕಟ್ಟಿದರು.

*

ಅವಳಿಗೆ ಹದಿಮೂರಾಗಿದ್ದಾಗ ಅವರು ಐಮಂಗಲದಲ್ಲಿದ್ದರು. ಅಣ್ಣ ಚಿತ್ರದುರ್ಗದ ಕಾಲೇಜಿನಿಂದ ರಜೆಗೆ ಬಂದಾಗ ಒಂದು ಇಂಗ್ಲಿಷ್ ಪತ್ರಿಕೆಯ ನಡುಹಾಳೆ ತಂದಿದ್ದ. ಬಿಚ್ಚಿದರೆ ಚಾಪೆಯಷ್ಟಗಲ. ಅದರಲ್ಲಿದ್ದದ್ದು ಬಾಲವಿಲ್ಲದ, ಮೈಯಿಲ್ಲದ, ಬರೀ ರೆಕ್ಕೆಯೇ ಆದ ಒಂದು ಆಟದ ವಿಮಾನದ ನಕ್ಷೆ. ಅಮ್ಮ ನೋಡಿ, "ಇದೇನಪ್ಪ, ಮೊರ ಇದ್ದಂಗೈತೆ," ಎಂದಳು. ಅಂದಿನಿಂದ ಅದರ ಹೆಸರು ಮೊರ.

ಬೇಸಿಗೆಯಿಡೀ ಕೂತು ಕಟ್ಟಿದ. ಹಾರಿಸಿದ್ದು ಊರ ಹೊರಗಿನ ಕಣದಲ್ಲಿ. ಒಕ್ಕಲಾಟದಲ್ಲಿ ಎತ್ತುಗಳು ಮೇಟಿಯ ಸುತ್ತ ತಿರುಗುವ ಹಾಗೆಯೇ ವಿಮಾನವೂ ಅಣ್ಣನ ಸುತ್ತ ತಿರುಗಬೇಕಿತ್ತು. ಅವನು ಮೇಟಿಯ ಜಾಗದಲ್ಲಿ ತಂತಿಯ ಹಿಡಿ ಹಿಡಿದು ನಿಂತ. ಮಂಗಳ ಕಣದ ಅಂಚಿನಲ್ಲಿ, ಗುಡುಗುಟ್ಟುವ ಮೊರವನ್ನು ಎರಡೂ ಕೈಲಿ ಅವುಚಿ ಕುಕ್ಕರಗಾಲಲ್ಲಿ ಕೂತಿದ್ದಳು. ಹರಳೆಣ್ಣೆ ಮುಖಕ್ಕೆ ಸಿಡಿಯುತ್ತಿತ್ತು. ಅಣ್ಣ ಎಡಗೈ ಎತ್ತಿದ. ಬಿಟ್ಟಳು.

ಆರು ಸುತ್ತು ಬಂತು. ಏಳನೆಯದಕ್ಕೆ ಗಾಳಿ ಎತ್ತಿ ಬಡಿಯಿತು. ಅಣ್ಣ ಬೇಸರ ಪಡಲಿಲ್ಲ, ಮುಂದಿನ ರಜೆಗೆ ಇನ್ನೊಂದು ಕಟ್ಟೋಣ ಎಂದ.

ಆ ಮುಂದಿನ ರಜೆಯೊಳಗೆ ಮಂಗಳ ಹೊಲಿಗೆ ಕಲಿಯತೊಡಗಿದ್ದಳು. ರವಿಕೆಯ ಅಳತೆಗೆ ದೊಡ್ಡ ಕಾಗದ ತಾ ಎಂದಿದ್ದರು ಕಲಿಸುವಾಕೆ. ವಿಮಾನವೇ ಮುರಿದ ಮೇಲೆ ಅದರ ಕಾಗದ ಇನ್ನೇಕೆ ಎಂದು, ಹಾಸಿಗೆಯಡಿ ಇದ್ದುದನ್ನು ಒಯ್ದು ಕತ್ತರಿ ಹಾಕಿಸಿದಳು. ರೆಕ್ಕೆಯ ಬಳುಕು ಕಂಕುಳ ಸುತ್ತಿಗೆ ಅಳೆದಿಟ್ಟ ಹಾಗೆ ಕೂತಿತು.

ಅಣ್ಣ ಬಂದು ಎರಡು ದಿನ ಅಟ್ಟ, ಪೆಟ್ಟಿಗೆ, ಹಗೇವು ಎಲ್ಲ ತಡಕಾಡಿದ. "ಮಂಗಳಾ, ನೀನೇನಾದ್ರು ನೋಡಿದ್ಯಾ?" ಎಂದು ಒಂದೇ ಸಲ ಕೇಳಿದ. ಅವಳು ಮಿಷನ್ನಿನ ಪೆಡಲಿನಿಂದ ಕಾಲು ತೆಗೆಯದೆ ಇಲ್ಲವೆಂದು ತಲೆ ಅಲ್ಲಾಡಿಸಿದಳು.

*

ಸಮಾಧಿಯೊಳಗೆ ಮೇಷ್ಟ್ರನ್ನು ಕೂರಿಸಿ, ಸುತ್ತ ವಿಭೂತಿ ಗಟ್ಟಿ ಜೋಡಿಸಿ, ಪತ್ರೆ ಏರಿಸಿದ ಮೇಲೆ ಅಯ್ಯನವರು ತಲೆಯೆತ್ತಿ, "ಇನ್ನೇನಾದ್ರೂ ಇಡೋದೈತೇನಮ್ಮ?" ಎಂದು ಕೇಳಿದರು.

ಸರ್ವಮಂಗಳಳ ಕೈ ಚೀಲದೊಳಗೇ ಇತ್ತು. ಮೆತ್ತಗಾದ ಕಾಗದದ ಅಂಚು ಬೆರಳಿಗೆ ತಾಗುತ್ತಿತ್ತು. ಅಣ್ಣನ ಮುಚ್ಚಿದ ಕಣ್ಣು ನೋಡಿದಳು. ಬಚ್ಚಿಟ್ಟದ್ದನ್ನು ಅವನ ಕೈಯಲ್ಲೇ ಇನ್ನೊಮ್ಮೆ ಬಚ್ಚಿಡಿಸಿದ ಹಾಗಾಗುತ್ತದೆ ಅನ್ನಿಸಿತು.

"ಇಲ್ರಿ," ಎಂದಳು.

ಮಣ್ಣು ಬಿತ್ತು. ಚಿಕ್ಕತಿಮ್ಮಪ್ಪ ಮೂರು ಹಿಡಿ ಹಾಕಿ, ಕೋಲೂರಿ ನಿಧಾನ ನಡೆದರು. ಉಳಿದವರೂ ಕೈಕಾಲು ತೊಳೆದು ಒಬ್ಬೊಬ್ಬರಾಗಿ ಚದುರಿದರು. ಮಲ್ಲೇಶ್ ಮಾತ್ರ ಮನೆಯವರೆಗೆ ಜೊತೆಗೆ ಬಂದ. ಕೋಣೆ ಖಾಲಿ ಮಾಡುವ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತೇನೋ, ಅವಳ ಮುಖ ನೋಡಿ, ನಿಧಾನಕ್ಕೆ ನೋಡಿದರಾಯಿತು ಎಂದು ಬೀಗದ ಕೈ ಕೊಟ್ಟು ಹೋದ.

ಕೋಣೆಯ ಮೂರು ಗೋಡೆಗೂ ವಿಮಾನದ ನಕ್ಷೆಗಳ ಸುರುಳಿಗಳು. ಪ್ರತಿಯೊಂದಕ್ಕೂ ದಾರ, ದಾರಕ್ಕೊಂದು ಚೀಟಿ. ಕಳೆದುಹೋದ ನಕ್ಷೆಯ ಹೆಸರಾಗಲಿ, ಬರೆದವರ ಹೆಸರಾಗಲಿ ಅಣ್ಣನಿಗೆ ನೆನಪಿರಲಿಲ್ಲ. ನೆನಪಿನಿಂದಲೇ ಅದರ ಚಿತ್ರ ಬರೆದು ಇಂಗ್ಲೆಂಡಿಗೆ, ಪೋಲೆಂಡಿಗೆ, ಮದರಾಸಿನ ಹಳೆಪುಸ್ತಕದ ಅಂಗಡಿಗಳಿಗೆ ಕಾಗದ ಹಾಕುತ್ತಿದ್ದ. ಅವರು ಇದಿರಬಹುದೇ ಎಂದು ಇನ್ನಾವುದನ್ನೋ ಕಳಿಸುತ್ತಿದ್ದರು. ತಟ್ಟೆಯಂಥದು, ಎರಡು ಮೈಯದು, ಒಂದು ರೆಕ್ಕೆ ಉದ್ದ ಇನ್ನೊಂದು ಗಿಡ್ಡವಿದ್ದದ್ದು. ಬಂದದ್ದನ್ನೆಲ್ಲ ಜೋಪಾನ ಮಾಡಿ, ಕೇಳಿದವರಿಗೆ ಪ್ರತಿ ತೆಗೆಸಿ ಕಳಿಸುತ್ತಿದ್ದ. ಹಾಗೆ ಪಡೆದವರಲ್ಲಿ ಯಾರಿಗೂ ಇವತ್ತಿನ ಸುದ್ದಿ ಗೊತ್ತಿರಲಿಲ್ಲ.

ಚೇತನ್‌ಕುಮಾರ್ ಅವಳ ಹಿಂದೆಯೇ ಬಂದು ಬಾಗಿಲ ಬಳಿ ನಿಂತಿದ್ದ. "ಕುಂತ್ಕಳ್ರಿ ಅಮ್ಮಾರೆ," ಎಂದು ಅಣ್ಣನ ಕುರ್ಚಿ ಸರಿಸಿದ. ಅವಳು ಕೂರಲಿಲ್ಲ. ಚೀಲದಿಂದ ನಾಲ್ಕೂ ತುಂಡು ತೆಗೆದು ಮೇಜಿನ ಮೇಲೆ ಹರಡಿದಳು. ಅಂಚಿಗೆಲ್ಲ ಟೇಪು, ಸೂಜಿ ತೂತು, ಚಾಕ್‌ನ ಗೀರು.

"ಆ ಮೊರದ ನಕ್ಷೆ ಕತ್ತರ್ಸಿದ್ದು ನಾನೇ ಕಣಪ್ಪ," ಎಂದಳು. "ಐವತ್ತು ವರ್ಷ ನನ್ನ ಟ್ರಂಕಿನಾಗೇ ಐತೆ. ಹೊಳಲ್ಕೆರೆ ಅರ್ಧ ಊರಿಗೆ ಇದ್ರಲ್ಲೇ ರವಿಕೆ ಹೊಲ್ದೆ. ಅವ್ನು ದೇಶದೇಶಕ್ಕೆ ಬರೀತಾನೇ ಇದ್ದ. ನಾನು ಬಾಯಿ ಬಿಡ್ಲಿಲ್ಲ."

ಚೇತನ್‌ಕುಮಾರ್ ಕಪಾಟಿನ ಹಿಂದೆ ಕೈ ಹಾಕಿ ಒಂದು ಸುರುಳಿ ತೆಗೆದು ಅವಳ ಕೈಗಿಟ್ಟ. ಚೀಟಿಯ ಮೇಲೆ ಅಣ್ಣನ ದುಂಡನೆಯ ಅಕ್ಷರ: ಮಂಗಳಾ.

*

ಗಂಡ ತೀರಿಕೊಂಡ ಮೇಲೆ ಸರ್ವಮಂಗಳಳನ್ನು ಸಾಕಿದ್ದು ಹೊಲಿಗೆ ಮಿಷನ್. ಅಣ್ಣ ದಸರೆಗೊಮ್ಮೆ ಹೊಳಲ್ಕೆರೆಗೆ ಬಂದು, ಬಟ್ಟೆ ಕತ್ತರಿಸುವ ಮೇಜಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದ. ಒಂದು ವರ್ಷ ಅವಳು ಕಾಫಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ, ಮೇಜಿನ ಮೇಲಿದ್ದ ಅಳತೆ ಕಾಗದವನ್ನು ಎತ್ತಿ ಬೆಳಕಿಗೆ ಹಿಡಿದಿದ್ದ.

"ಸವೆದೈತಲ್ಲೇ. ದಪ್ಪ ಕಾಗದದ ಮ್ಯಾಲೆ ಹೊಸದು ಮಾಡ್ಕೊಡ್ಲಾ?"

ಅವಳು ಕಸಿದುಕೊಂಡಂತೆ ತೆಗೆದಿಟ್ಟು, ಬೇಡ ಎಂದಳು. ಅಣ್ಣ ಕಾಫಿ ಕುಡಿದು, ಸಕ್ಕರೆ ಸರಿಯಾಗಿದೆ ಎಂದ. ಅವನ ಕನ್ನಡಕ ಜೇಬಿನಲ್ಲೇ ಇದ್ದುದರಿಂದ ಏನೂ ಕಂಡಿರಲಿಕ್ಕಿಲ್ಲ ಎಂದು ಅವಳು ಆ ರಾತ್ರಿ ನೆಮ್ಮದಿಯಿಂದ ಮಲಗಿದ್ದಳು.

*

"ನಾಕು ವರ್ಷದ ಕೆಳಗೆ ಸಿಕ್ತು," ಎಂದ ಚೇತನ್‌ಕುಮಾರ್. "ಪೋಲೆಂಡ್ ದೇಶದ ಒಬ್ಬ ಅಜ್ಜ ಕಳ್ಸಿದ್ದ. ನಾನೇ ಪ್ರಿಂಟ್ ತೆಗ್ದೆ. ಮೇಷ್ಟ್ರು ನೋಡಿ ನಕ್ರು. ಕಟ್ಟಾಣ ಬರ್ರಿ ಸಾರ್ ಅಂದ್ರೆ, ಹಿಡ್ಕಳಾಕೆ ಇನ್ನೊಬ್ರು ಬೇಕಲ್ಲಪ್ಪ ಅಂದ್ರು. ನಾ ಹಿಡ್ಕಂತೀನಿ ಅಂದೆ. ಹಾಳೆ ಸುತ್ತಿ ದಾರ ಕಟ್ಬಿಟ್ರು."

ಆಮೇಲೆ ರೆಕ್ಕೆಯದೊಂದನ್ನೇ ದಪ್ಪ ಹಾಳೆಗೆ ತೆಗೆಸಿಕೊಂಡರಂತೆ. ತಂಗಿಯ ಹತ್ತಿರ ಇರುವುದು ಹರಿದುಹೋಗಿದೆ, ದಸರೆಗೆ ಕೊಟ್ಟು ಬರುತ್ತೇನೆ ಎಂದಿದ್ದರಂತೆ. ದಸರೆ ಬಂತು, ಹೋಯಿತು. ಸುರುಳಿ ಇಲ್ಲೇ ಉಳಿಯಿತು.

"ಯಾಕ್ಸಾರ್ ಕೊಡ್ಲಿಲ್ಲ ಅಂದೆ. ನಕ್ಷೆ ಕತ್ತರ್ಸಿದ್ದು ನನಗೆ ಗೊತ್ತು ಅಂತ ಗೊತ್ತಾದ್ರೆ ಅವಳು ಆ ಅಳತೆ ಮುಟ್ಟಲ್ಲ ಕಣೋ, ಅವಳ ಅನ್ನ ಅದು ಅಂದ್ರು."

ಅವನು ಅಷ್ಟು ಹೇಳಿ, ಅಂಗಡಿಯ ಬಾಗಿಲು ತೆಗೆಯಬೇಕು ಎಂದು ಮೆಲ್ಲಗೆ ಹೊರಟ.

ಸರ್ವಮಂಗಳ ಈಗ ಕುರ್ಚಿಯಲ್ಲಿ ಕುಳಿತಳು. ಗಂಟು ಬಿಚ್ಚಿ ಹಾಳೆಯನ್ನು ಮೇಜಿನ ಮೇಲೆ ಹರವಿದಳು. ಇನ್ನರ್ಧ ಇದರದೇ ಪಡಿಯಚ್ಚೆಂದು ನಕ್ಷೆಯಲ್ಲಿ ಒಂದೇ ಕಡೆಯ ರೆಕ್ಕೆ ಬರೆದಿತ್ತು. ನಡುಗೆರೆಯ ಉದ್ದಕ್ಕೆ ಅಣ್ಣ ಪೆನ್ಸಿಲಿನಲ್ಲಿ 'ಮಡಿಕೆ ಇಲ್ಲಿ' ಎಂದು ಬರೆದಿದ್ದ. ಬಳುಕಿನ ಹತ್ತಿರ, ಡ್ರಾಯಿಂಗ್ ಮೇಷ್ಟ್ರ ಅಚ್ಚುಕಟ್ಟಿನಲ್ಲಿ, 'ಕಂಕುಳು'. ಬಹುದಿನ ಸುತ್ತಿಟ್ಟಿದ್ದ ಹಾಳೆ ನಿಲ್ಲುತ್ತಿರಲಿಲ್ಲ. ಬಲಗಡೆ ಒತ್ತಿ ಹಿಡಿದರೆ ಎಡಗಡೆ ಸುರುಳಿಯಾಗಿ ಬಂದು ಅವಳ ಕೈ ಮುಚ್ಚುತ್ತಿತ್ತು. ಒಬ್ಬಳ ಕೈಗೆ ಅದು ಬಗ್ಗಲೊಲ್ಲದು.

ಬಾಗಿಲಲ್ಲಿ ನೆರಳು ಕಂಡಿತು. ಜುಂಜಮ್ಮ. ಬೆಳಗಿನಿಂದ ಕಾಂಪೌಂಡಿನ ಹೊರಗೇ ನಿಂತಿದ್ದವಳು ಯಾವಾಗ ಮನೆಗೆ ಹೋಗಿ ಬಂದಿದ್ದಳೋ. ಕೈಯಲ್ಲಿ ದಿನದ ಅದೇ ಸ್ಟೀಲ್ ಡಬ್ಬಿ. ಮುಚ್ಚಳದ ಮೇಲೆ ಪಂಚಾಕ್ಷರಪ್ಪ ಎಂದು ಮೊಳೆಯಿಂದ ಕೊರೆದ ಹೆಸರು. ಒಳಗೆ ಬಂದಳು, ಮೇಜು ನೋಡಿದಳು. ಏನೂ ಕೇಳದೆ, ಸುತ್ತಿಕೊಳ್ಳುತ್ತಿದ್ದ ಹಾಳೆಯ ಎಡ ಅಂಚನ್ನು ಅಂಗೈಯಿಂದ ನೇರ ಮಾಡಿ, ಬಿಸಿ ಡಬ್ಬಿಯನ್ನು ಅದರ ಮೇಲಿಟ್ಟಳು.

"ಉಣ್ರಿ," ಎಂದಳು.