ಸೋಮವಾರದ ಟ್ರ್ಯಾಕ್ಟರ್

ಪಂಚಾಕ್ಷರಪ್ಪನವರ ಮನೆಯಲ್ಲಿ ಸೋಮವಾರ ಎತ್ತು ಹೂಡುತ್ತಿರಲಿಲ್ಲ. ಕೊಟ್ಟೂರಿನ ಸುತ್ತಮುತ್ತ ಈ ರೂಢಿ ಇನ್ನೂ ಅನೇಕ ಮನೆಗಳಲ್ಲಿದೆ. ಸೋಮವಾರ ಬಸವಣ್ಣನ ವಾರ. ಅಂದು ಎತ್ತಿನ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮೇವು ಹಾಕಿ ಕಟ್ಟುತ್ತಾರೆ. ಎಂಥ ಹದವಾದ ಮಳೆ ಬಿದ್ದಿದ್ದರೂ ನೊಗ ಮುಟ್ಟುವುದಿಲ್ಲ. ಒಂಬತ್ತು ವರ್ಷದ ಹಿಂದೆ ಕೊನೆಯ ಜೋಡಿಗೆ ವಯಸ್ಸಾಯಿತು, ಮನೆಗೆ ಟ್ರ್ಯಾಕ್ಟರ್ ಬಂತು. ಬಂದ ದಿನವೇ ಅವರು ಮಗ ಅಮರೇಶನಿಗೆ ಹೇಳಿದ್ದರು.

“ಎತ್ತಿನ ಕೆಲಸಕ್ಕ ಬಂದೈತಿ ಅಂದಮ್ಯಾಲ ಎತ್ತಿನ ಸೋಮಾರ ಇದಕ್ಕೂ ಐತಿ.”

ಊರಿನವರು ನಕ್ಕರು. “ಯಜಮಾನ್ರ, ಸೋಮಾರ ಅದು ಮೆಲುಕು ಹಾಕ್ತೈತೇನ್ರಿ?” ಎಂದು ಕೇಳಿದವರೂ ಇದ್ದರು. ಪಂಚಾಕ್ಷರಪ್ಪ ತಲೆ ಕೆಡಿಸಿಕೊಳ್ಳಲಿಲ್ಲ. ಈಗ ಅವರಿಗೆ ಎಪ್ಪತ್ತಾರು. ಪ್ರತಿ ಸೋಮವಾರ ಬೆಳಿಗ್ಗೆ ಕೊಡಪಾನದಲ್ಲಿ ನೀರು ತಂದು ಟ್ರ್ಯಾಕ್ಟರ್ ತೊಳೆಯುತ್ತಾರೆ, ಬಾನೆಟ್ಟಿಗೆ ವಿಭೂತಿಯ ಮೂರು ಗೆರೆ ಎಳೆಯುತ್ತಾರೆ, ಕೀಲಿಯನ್ನು ಒಯ್ದು ದೇವರ ಜಗಲಿಯ ಮೇಲೆ ಇಡುತ್ತಾರೆ. ಸಂಜೆ ಬಸವಣ್ಣನ ಗುಡಿಗೆ ಹೋಗಿ ಬರುತ್ತಾರೆ. ಮಗನಿಗೂ ವಾರಕ್ಕೊಂದು ದಿನ ಬಿಡುವು ಸಿಕ್ಕಿತು ಎಂಬ ಸಮಾಧಾನ ಅವರಿಗೆ.

ಸಿಕ್ಕಿರಲಿಲ್ಲ. ಅದು ಸೊಸೆ ಸುಮಲತಾಗೆ ಗೊತ್ತಿತ್ತು.

ಕೂಡ್ಲಿಗಿ ರಸ್ತೆಯ ಹಳ್ಳಿಯೊಂದರಲ್ಲಿ ಅಮರೇಶನ ಹೈಸ್ಕೂಲು ಗೆಳೆಯ ಗಾದಿಲಿಂಗ ಇದ್ದಾನೆ. ಕುರಿ ವ್ಯಾಪಾರಿ. ಸೋಮವಾರ ಕುರಿ ಕೊಳ್ಳಲು ಊರೂರು ತಿರುಗುತ್ತಾನೆ, ಹಾಗಾಗಿ ಅಂದು ಅವನ ಟ್ರ್ಯಾಕ್ಟರ್ ಖಾಲಿ. ಕಳೆದ ಎರಡು ವರ್ಷದಿಂದ ಅಮರೇಶ ಸೋಮವಾರ ಬೆಳಿಗ್ಗೆ “ಕೊಟ್ಟೂರಿಗೆ ಹೋಗಿ ಬರ್ತೀನಪ್ಪ” ಎಂದು ಬೈಕ್ ಹತ್ತುತ್ತಿದ್ದ. ಹೋಗುತ್ತಿದ್ದುದು ಗಾದಿಲಿಂಗನ ಊರಿಗೆ. ಅವನ ಟ್ರ್ಯಾಕ್ಟರಿನಲ್ಲಿ ಸಂಜೆವರೆಗೆ ಬಾಡಿಗೆ ಕೆಲಸ ಮಾಡಿ ಬರುತ್ತಿದ್ದ.

ಈ ಸಲ ಜೂನ್ ಮೊದಲ ವಾರದಲ್ಲೇ ಮಳೆ ಶುರುವಾಯಿತು. ಒಂದೊಂದು ಮಳೆಗೂ ಭೂಮಿಯಲ್ಲಿ ಹದ ಇರುವುದು ನಾಲ್ಕೈದು ದಿನ. ಆ ದಿನಗಳಲ್ಲಿ ಸುತ್ತಲಿನವರಿಗೆಲ್ಲ ಅಮರೇಶನೇ ಬೇಕು. ಟ್ರ್ಯಾಕ್ಟರ್ ಬಹಳ ಮಂದಿಯ ಹತ್ತಿರ ಇವೆ, ಆದರೆ ಅವನು ಬಿತ್ತಿದ ಸಾಲು ದಾರ ಹಿಡಿದಷ್ಟು ನೆಟ್ಟಗೆ. ಫೋನು ಬೆಳಗಿನ ಐದಕ್ಕೆ ಶುರುವಾಗುತ್ತಿತ್ತು. ಅವನು ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ. ಒಂದು ದಿನ ಊಟಕ್ಕೆ ಕೂತವನು ರೊಟ್ಟಿ ಮುರಿದು ಪಲ್ಯದಲ್ಲಿ ಕೈ ಇಟ್ಟಲ್ಲೇ ನಿದ್ದೆ ಹೋದ. ಸುಮಲತಾ ತಟ್ಟೆ ಸರಿಸಿ, ಒದ್ದೆ ಬಟ್ಟೆಯಿಂದ ಅವನ ಕೈ ಒರೆಸಿದಳು. ಅವನಿಗೆ ಎಚ್ಚರವಾಗಲಿಲ್ಲ.

ಮರುದಿನ ಬೆಳಿಗ್ಗೆ ಕೇಳಿದಳು, “ಒಂದ್ ಸೋಮಾರ ಮನ್ಯಾಗ ಇದ್ರ ಏನಾಗ್ತೈತ್ರಿ?”

“ಹದ ಹೋಗ್ತೈತಿ.”

“ಎಲ್ಡು ತಾಸು ಮಲಗ್ರಿ ಸಾಕು.”

“ಶ್ರಾವಣಕ್ಕ ಮಲಗ್ತೀನಿ.”

“ಹ್ವಾದ ವರ್ಷನೂ ಶ್ರಾವಣಕ್ಕ ಅಂದಿದ್ರಿ. ಶ್ರಾವಣದಾಗ ಮಂದಿ ಹೊಲದಾಗ ಎಡಿ ಹೊಡಿಯಾಕ ಹೋದ್ರಿ. ಆಮ್ಯಾಲ ದೀಪಾವಳಿಗೆ ಅಂದ್ರಿ.”

“ನೀ ಎಲ್ಲ ನೆನಪಿಟ್ಕೊಂಡು ಕುಂತಿರ್ತಿ ನೋಡು.”

“ಮತ್ತ ಯಾರ್ ಕೂಡ ಮಾತಾಡ್ಲಿ? ನೆನಪಿಟ್ಕೊಂತ ಕುಂದರ್ತೀನಿ.”

ಅವನು ನಕ್ಕು ಹೋದ. ಮಾವನಿಗೆ ಹೇಳಿಬಿಡಬೇಕು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು. ಹೇಳಿದರೆ ಮುದುಕರ ಮನಸ್ಸು ಒಡೆಯುತ್ತದೆ, ತಂದೆ ಮಗನ ನಡುವೆ ಮಾತು ನಿಲ್ಲುತ್ತದೆ ಎಂದು ಸುಮ್ಮನಿದ್ದಳು.

ಹೇಳಿದವನು ಗಾದಿಲಿಂಗ. ಅದು ಜೂನ್ ಮೂರನೇ ವಾರದ ಗುರುವಾರ. ಪಂಚಾಕ್ಷರಪ್ಪ ಕಟ್ಟೆಯ ಮೇಲೆ ಕೂತಿದ್ದರು, ಸುಮಲತಾ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬೈಕ್ ನಿಲ್ಲಿಸಿದವನೇ ಗಾದಿಲಿಂಗ ಕೇಳಿದ.

“ಅಮರೇಶಿ ಎಲ್ಲ್ಯದಾನ್ರಿ ಯಜಮಾನ್ರ?”

“ಹೊಲಕ್ಕ ಹೋಗ್ಯಾನ. ಏನಪ ಕೆಲಸ?”

“ಜಗಳಕ್ಕ ಬಂದೀನ್ರಿ. ನನ್ನ ಶೇಂಗಾ ಹುಟ್ಟೈತಿ, ಬಂದು ನೋಡು ಅನ್ರಿ ಅವನಿಗೆ. ಎಲ್ಲಾರ ಹೊಲದಾಗ ದಾರ ಹಿಡ್ದಂಗ ಬಿತ್ತೋ ಮನಷ್ಯ, ನನ್ನ ಹೊಲದಾಗ ಹಾವು ಹರದಂಗ ಬಿತ್ಯಾನ! ದಾರ್ಯಾಗ ಹೋಗೋ ಮಂದಿ ನಿಂತು ನಗಾಕ ಹತ್ಯಾರ.”

“ನಮ್ಮ ಗಾಡಿ ನಿಮ್ಮ ಹೊಲಕ್ಕ ಯಾವಾಗ ಬಂದಿತ್ತು?”

“ನಿಮ್ಮದಲ್ರಿ, ನನ್ನ ಗಾಡಿ. ಸೋಮಾರಕ್ಕೊಮ್ಮಿ ಅವನ ಹೊಡಿತಾನಲ್ರಿ...” ಎಂದವನು ಬಾಗಿಲ ಕಡೆ ನೋಡಿದ. ಸುಮಲತಾಳ ಕೈಯಲ್ಲಿ ಮೊರ ನಿಂತುಹೋಗಿತ್ತು.

ಪಂಚಾಕ್ಷರಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. “ನಡಿ, ನೋಡಣ” ಎಂದು ಅವನ ಬೈಕಿನ ಹಿಂದೆ ಕೂತರು.

ಮರಳಿದಾಗ ಹನ್ನೆರಡು ದಾಟಿತ್ತು. ಸುಮಲತಾ ನೀರು ಕೊಟ್ಟಳು. ಅವರು ಪೂರ್ತಿ ಕುಡಿದು ತಂಬಿಗೆ ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡಿದ್ದಳು. ಅವರು ಬೇರೆಯೇ ಹೇಳಿದರು.

“ಅಲ್ಲೊಂದು ಬಾವಿ ಐತವ್ವ. ಹಳೇದು. ಸುತ್ತ ಕಟ್ಟಿ ಇಲ್ಲ.”

ಸುಮಲತಾ ತಂಬಿಗೆ ಎತ್ತಿಕೊಂಡಳು.

“ಒಮ್ಮಿಗೆ ಬಿತ್ತಿದ ಏಳು ಸಾಲು. ನೆಟ್ಟಗ ಬಂದಾವ. ಬಂದು, ಹನ್ನೆಲ್ಡು ಹೆಜ್ಜಿ ಹಂಗ ಬಾವಿ ಕಡಿ ಹೊರಳ್ಯಾವ. ಆಮ್ಯಾಲ ಗಕ್ಕನ ತಿರುಗ್ಯಾವ. ಕಡೀ ಸಾಲಿಗೂ ಬಾವಿಗೂ ನಾಕ ಹೆಜ್ಜಿ. ನಾನ ಅಳದೀನಿ.”

ಪಲ್ಯದಲ್ಲಿ ಕೈ ಇಟ್ಟಲ್ಲೇ ನಿದ್ದೆ ಹೋದ ಗಂಡ ಸುಮಲತಾಳ ಕಣ್ಣಿಗೆ ಬಂದ. ನಿದ್ದೆ ಹತ್ತಿದ್ದು ಎಲ್ಲಿ, ಎಚ್ಚರವಾದದ್ದು ಎಲ್ಲಿ ಎಂಬುದನ್ನು ಹತ್ತು ದಿನದ ಮೇಲೆ ಶೇಂಗಾದ ಮೊಳಕೆ ತೋರಿಸಿತ್ತು.

“ನಿನಗ ಗೊತ್ತಿತ್ತು” ಎಂದರು ಪಂಚಾಕ್ಷರಪ್ಪ.

“ಸೋಮಾರ ಹೋಗೋದು ಗೊತ್ತಿತ್ರಿ ಮಾವ. ಬಾವಿ ಗೊತ್ತಿರಲಿಲ್ಲ. ಅವರೂ ಹೇಳಿಲ್ಲ.”

“ನನಗರ ಹೇಳ್ಬಾರದೇನವ್ವ?”

“ಅವರು ಸೋಮಾರ ಮುರದ್ರು ಅಂತ ನೀವು ನೊಂದ್ಕೊಂತೀರಿ ಅಂತ...”

“ಎತ್ತು ಕಟ್ಟಿದ್ರ ಮನಷ್ಯ ತಾನ ಕುಂದರ್ತಿದ್ದ” ಎಂದರು ಅವರು, ಸೊಸೆಗಲ್ಲ, ಅಂಗಳದಲ್ಲಿ ಟ್ರ್ಯಾಕ್ಟರ್ ನಿಲ್ಲುವ ಖಾಲಿ ಜಾಗಕ್ಕೆ. “ಬ್ಯಾರೇರ ಎತ್ತು ಬೇಡಿ ತಂದು ಯಾರೂ ಹೂಡ್ತಿರಲಿಲ್ಲ. ನಾನೂ ಹಂಗ ತಿಳ್ಕೊಂಡಿದ್ದೆ. ಎಲ್ಡು ವರ್ಷದಿಂದ ಬರೇ ಕಬ್ಬಿಣಕ್ಕ ನೀರು ಹಾಕೀನಿ.”

ಸಂಜೆ ಅಮರೇಶ ಬಂದ. ವಿಷಯ ಮುಟ್ಟಿದೆ ಎಂದು ತಂದೆಯ ಮುಖ ನೋಡುತ್ತಲೇ ತಿಳಿಯಿತು.

“ನಮ್ಮ ಗಾಡಿ ನಾನು ಮುಟ್ಟಿಲ್ಲಪ್ಪ. ನಿನ್ನ ಮಾತು ಮೀರಿಲ್ಲ.”

“ಇಲ್ಲ, ಮೀರಿಲ್ಲ. ಬಾವಿ ಹತ್ರ ಏನಾತು?”

ಅಮರೇಶ ಚಪ್ಪಲಿ ಬಿಡುತ್ತ ತಲೆ ತಗ್ಗಿಸಿದ. “ಒಂದ್ ಗಳಿಗಿ ಕಣ್ಣು ಹತ್ತಿತ್ತು.”

“ಹನ್ನೆಲ್ಡು ಹೆಜ್ಜಿ.”

“ಆತ್ ಬಿಡಪ್ಪ, ಏನೂ ಆಗ್ಲಿಲ್ಲಲ್ಲ. ಈ ಸೋಮಾರ ಒಂದು ಹೋಗಿ ಬರ್ತೀನಿ. ಗಾದಿಲಿಂಗನ ಊರಾಗ ಮಾರೆಮ್ಮನ ನಾಕು ಎಕರೆ ಐತಿ. ಪಾಪ, ಅವಳ ಮನ್ಯಾಗ ಹೂಡೋರು ಯಾರೂ ಇಲ್ಲ, ಮಾತು ಕೊಟ್ಟೀನಿ. ಮುಂದಿನ ಸೋಮಾರದಿಂದ ಮನ್ಯಾಗಿರ್ತೀನಿ.”

ಪಂಚಾಕ್ಷರಪ್ಪ ಎದ್ದು ಒಳಗೆ ಹೋದರು. ಆ ನಾಲ್ಕು ದಿನ ಸುಮಲತಾಗೆ ಕಣ್ಣು ಮುಚ್ಚಿದರೆ ಕಟ್ಟೆಯಿಲ್ಲದ ಬಾವಿ ಕಾಣುತ್ತಿತ್ತು. ಮಗ್ಗುಲಲ್ಲಿ ಗಂಡ ಸದ್ದಿಲ್ಲದೆ ಮಲಗಿದ್ದರೆ ಉಸಿರಾಟ ಕೇಳುವವರೆಗೆ ಕಾಯುತ್ತಿದ್ದಳು.

ಸೋಮವಾರ ಬೆಳಿಗ್ಗೆ ಏಳಕ್ಕೆ ಗಾದಿಲಿಂಗನೇ ಬಂದ. ಮುಖ ಸಣ್ಣದಾಗಿತ್ತು.

“ಕ್ಲಚ್ ಪ್ಲೇಟ್ ಹೋಗೈತಲೇ ಅಮರೇಶಿ. ನಿನ್ನೆ ಸಂಜಿಮುಂದ. ಮಿಸ್ತ್ರಿ ನಾಳಿ ಬರ್ತೀನಿ ಅಂದ. ಮಾರೆಮ್ಮ ಬೀಜ ತಂದಿಟ್ಕೊಂಡು ಬದುವಿನ ಮ್ಯಾಲ ಕುಂತಾಳ. ಇವತ್ತು ಬಿಟ್ರ ಹದ ಇಲ್ಲ.”

ಸುಮಲತಾಗೆ ಒಂದು ಕ್ಷಣ ಹಗುರವೆನಿಸಿತು, ಕೂಡಲೇ ನಾಚಿಕೆಯೂ ಆಯಿತು. ಅಮರೇಶ ಆಗಲೇ ಗೂಟದ ಮೇಲಿನ ಅಂಗಿಗೆ ಕೈ ಹಾಕಿದ್ದ. “ನಮ್ಮದು ಅಪ್ಪ ಕೊಡಲ್ಲ. ಬ್ಯಾರೆ ಎಲ್ಲ್ಯರ ಸಿಗ್ತೈತೇನು ನೋಡಣ, ನಡಿ” ಎಂದ.

ಅಂಗಳದಲ್ಲಿ ಪಂಚಾಕ್ಷರಪ್ಪ ಟ್ರ್ಯಾಕ್ಟರ್ ತೊಳೆದು ಮುಗಿಸಿದ್ದರು. ಬಾನೆಟ್ಟಿನ ಮೇಲೆ ವಿಭೂತಿ ಇನ್ನೂ ಹಸಿ. ಅವರು ಕೈ ಒರೆಸಿಕೊಂಡು ಒಳಗೆ ಹೋದರು, ಜಗಲಿಯ ಮುಂದೆ ಸ್ವಲ್ಪ ಹೊತ್ತು ನಿಂತರು, ಕೀಲಿ ಹಿಡಿದು ಹೊರಗೆ ಬಂದರು. ಅಮರೇಶ ಬೆರಗಾಗಿ ಕೈ ಚಾಚಿದ. ಅವರು ಆ ಕೈ ದಾಟಿ ಗಾದಿಲಿಂಗನಿಗೆ ಕೊಟ್ಟರು.

“ಗಾಡಿ ಒಯ್ಯಿ. ಇವನು ಬರಲ್ಲ.”

“ನಾ ಹೊಡೀಬೇಕೇನ್ರಿ ಯಜಮಾನ್ರ? ನನ್ನ ಸಾಲು ನೋಡಿದ್ರ ಮಾರೆಮ್ಮ ಚಪ್ಲಿ ತಗೊಂತಾಳ!”

“ಸೊಟ್ಟ ಸಾಲಿನಾಗೂ ಶೇಂಗಾ ಹುಟ್ತಾವ. ನಾನ ನೋಡಿ ಬಂದೀನಿ.”

“ಕುರಿ ನೋಡಾಕ ಹೋಗೋದಿತ್ರಿ...”

“ಇವತ್ತು ಕುರಿ ಎಲ್ಲೂ ಓಡಿ ಹೋಗಲ್ಲ.”

ಅಮರೇಶ ತಂದೆಯ ಎದುರು ಬಂದು ನಿಂತ. “ಅಪ್ಪಾ, ಇವತ್ತು ಸೋಮಾರ.”

“ಗೊತ್ತೈತಿ. ಎಪ್ಪತ್ತಾರು ವರ್ಷದಿಂದ ಬರಾಕ ಹತ್ತೈತಿ ಸೋಮಾರ. ಎತ್ತು ಬಾಯಿ ಬಿಟ್ಟು ಸಾಕಾತು ಅನ್ನಲ್ಲ ಅಂತ ಹಿರ್ಯಾರು ಅದಕ್ಕೊಂದು ದಿನ ಇಟ್ಟಿದ್ರು. ನೀನೂ ಅನ್ನಲ್ಲ. ಗಾಡಿ ಹೋಗ್ಲಿ, ನೀ ಇರು.”

ಗಾದಿಲಿಂಗ ಚಪ್ಪಲಿ ಕೆಳಗೆ ಬಿಟ್ಟು ಟ್ರ್ಯಾಕ್ಟರ್ ಹತ್ತಿದ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅದು ಸೋಮವಾರ ಅಂಗಳ ದಾಟಿತು, ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಸದ್ದು ಊರ ಹೊರಗಿನ ತಿರುವು ದಾಟುವವರೆಗೂ ಪಂಚಾಕ್ಷರಪ್ಪ ಖಾಲಿ ಕೊಡಪಾನ ಹಿಡಿದು ನಿಂತಿದ್ದರು. ಅಮರೇಶ ಆ ಮುಖ ನೋಡಿದ. ಅಂಗಿಯನ್ನು ಗೂಟಕ್ಕೆ ಹಾಕಿದ.

ನಡುಮನೆಯಲ್ಲಿ ಚಾಪೆ ಹಾಸಿ ಕೊಟ್ಟದ್ದು ಸುಮಲತಾ. “ನಿದ್ದಿ ಬರಲ್ಲ” ಎಂದು ಅವನು ಎರಡು ಸಲ ಹೇಳಿದ. ಮೂರನೆಯ ಸಲ ಹೇಳಲಿಲ್ಲ. ಅವಳು ಅವನ ಫೋನು ತೆಗೆದುಕೊಂಡು ಹಿತ್ತಲಿಗೆ ಹೋದಳು.

ಮಧ್ಯಾಹ್ನದೊಳಗೆ ಹನ್ನೊಂದು ಕರೆ ಬಂದವು. ಅವಳು ಎಲ್ಲರಿಗೂ ಒಂದೇ ಮಾತು ಹೇಳಿದಳು, “ಅದಾರ್ರಿ. ಮಲಗ್ಯಾರ. ನಾಳಿ ಮಾಡ್ರಿ.” ಯಾರೂ ಸಿಟ್ಟಾಗಲಿಲ್ಲ. ಹಲವಾಗಲು ಕಡೆಯ ಮುದುಕರೊಬ್ಬರು ಮಾತ್ರ ಗಾಬರಿಯಾಗಿ, “ಆರಾಮ ಅದಾನಿಲ್ಲೋ?” ಎಂದರು. ಆರಾಮ ಇದ್ದಾರೆ, ನಿದ್ದೆ ಮಾಡುತ್ತಿದ್ದಾರೆ ಎಂದಾಗ, “ಮಲಗ್ಲಿ ಬಿಡವ್ವಾ, ಎಬ್ಬಿಸಬ್ಯಾಡ” ಎಂದು ಫೋನು ಇಟ್ಟರು. ಇಷ್ಟು ಸುಲಭವಿತ್ತೇ ಎಂದು ಸುಮಲತಾಗೆ ಆಶ್ಚರ್ಯವಾಯಿತು. ನಂತರ ಸ್ವಲ್ಪ ಅಳು ಬಂತು.

ಅಮರೇಶ ಎದ್ದಾಗ ಮೂರೂವರೆ. ಉಂಡ. ಎದ್ದು ಅಂಗಳಕ್ಕೆ ಹೋದ, ಒಳಗೆ ಬಂದ, ಮತ್ತೆ ಹೋದ. ಕಟ್ಟೆಯ ಮೇಲೆ ತಂದೆಯ ಪಕ್ಕ ಕೂತ.

“ಅಪ್ಪಾ, ನೀ ಸೋಮಾರ ಏನ್ ಮಾಡ್ತಿದ್ದಿ? ಎತ್ತು ಇದ್ದಾಗ?”

“ಹಗ್ಗ ಹೊಸೀತಿದ್ದೆ. ಇಲ್ಲಾಂದ್ರ ನಿಮ್ಮವ್ವನ ಕೂಡ ಮಾತಾಡ್ಕೊಂತ ಕುಂದರ್ತಿದ್ದೆ.”

“ಏನ್ ಮಾತು?”

ಅಮರೇಶನ ತಾಯಿ ಅನ್ನದಾನಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಪಂಚಾಕ್ಷರಪ್ಪ ಬಹಳ ಹೊತ್ತು ಯೋಚಿಸಿದರು. “ಒಂದೂ ನೆನಪಿಲ್ಲ ನೋಡಪ. ಹೊತ್ತು ಮುಳುಗೂತನ ಮಾತಾಡ್ತಿದ್ವಿ” ಎಂದರು. ಆಮೇಲೆ ಎದ್ದು ಟವೆಲ್ ಹೊದ್ದರು. “ಗುಡಿಗೆ ಹೋಗ್ತೀನಿ. ಇವತ್ತು ಗಾಡಿ ಹೋಗೈತಿ ಅಂತ ಬಸವಣ್ಣಗ ನಾನ ಹೇಳಬೇಕು, ಬ್ಯಾರೇರ ಬಾಯಿಂದ ಕೇಳಬಾರದು. ತಡ ಆಗ್ತೈತಿ.”

ಅವರು ಹೋದ ಮೇಲೆ ಸುಮಲತಾ ಎರಡು ಲೋಟ ಚಹಾ ತಂದಳು. ಒಂದು ಅವನ ಕೈಗೆ ಕೊಟ್ಟು ಒಳಗೆ ಹೊರಟಳು.

“ಕುಂದ್ರು” ಎಂದ ಅಮರೇಶ. “ಏನರ ಹೇಳು.”

“ಏನ್ ಹೇಳ್ಲಿ?”

“ಏನರ. ಎಲ್ಲ ನೆನಪಿಟ್ಕೊಂತೀನಿ ಅಂದಿದ್ದಿಯಲ್ಲ.”

ಅವಳು ಕಟ್ಟೆಯ ಇನ್ನೊಂದು ಮೂಲೆಗೆ ಕೂತಳು. ಎಷ್ಟೋ ಹೇಳುವುದಿತ್ತು. ಕೊನೆಗೆ ತವರಿನ ಎಮ್ಮೆಯ ಸುದ್ದಿ ತೆಗೆದಳು. ಹಡಗಲಿ ಹತ್ತಿರದ ಅವಳ ತಂಗಿಯ ಮನೆಗೆ ಅದನ್ನು ಕೊಟ್ಟಿದ್ದರು. ಎಮ್ಮೆ ಹೊಸ ಮನೆಯಲ್ಲಿ ಎಂಟು ದಿನ ಹಾಲು ಕೊಡಲಿಲ್ಲ. ತಂಗಿ ಅವ್ವನ ಹಳೆಯ ಸೀರೆ ಉಟ್ಟು ಹಿಂಡಲು ಕೂತ ದಿನ ಕೊಟ್ಟಿತಂತೆ.

“ಹೌದೇನು?” ಎಂದ ಅಮರೇಶ.

ಅವನು ಸಾಮಾನ್ಯವಾಗಿ ಇಷ್ಟು ಅಂದು ಏಳುತ್ತಿದ್ದ. ಸುಮಲತಾ ಲೋಟ ತೆಗೆದುಕೊಳ್ಳಲು ಕೈ ಚಾಚಿದಳು. ಅವನು ಕೊಡಲಿಲ್ಲ.

“ಯಾವ ಸೀರಿ?” ಎಂದು ಕೇಳಿದ.